ನಮ್ಮಕ್ಕನಿಗೆ ಆರು ವರ್ಷ

ನಮ್ಮೂರಿನ ಕೆಲವು ಹೆಂಗಸರಿಗೆ ವಯಸ್ಸೆಷ್ಟು ಎಂದು ಕೇಳಿದರೆ ಒಂದು ಗಳಿಗೆ ತಡೆದು, "ಕಿರೀಟದ ವರ್ಷ ಬಿಟ್ಟು ಮೂವತ್ತು" ಎನ್ನುತ್ತಾರೆ. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ನಮಗೆ ಹಾಗಲ್ಲ. ಬಾಚಣಿಗೆ ಕಾರ್ಖಾನೆಯವರು ವರ್ಷಕ್ಕೊಮ್ಮೆ ತಮ್ಮ ಅಂಗಳದಲ್ಲಿ ಹೆಣ್ಣುಮಕ್ಕಳ ಮುದ್ದುಮುಖದ ಸ್ಪರ್ಧೆ ನಡೆಸುತ್ತಾರೆ. ನಾಲ್ಕು ತುಂಬಿ ಎಂಟು ತುಂಬದ ಹುಡುಗಿಯರೆಲ್ಲ ವೇದಿಕೆ ಹತ್ತಲೇಬೇಕು. ಗೆದ್ದವಳ ತಲೆಗೆ ಕೋಣನ ಕೊಂಬಿನಲ್ಲಿ ಕೆತ್ತಿದ ಕಿರೀಟ ಇಡುತ್ತಾರೆ, ಅವಳ ಮುಖ ಬಾಚಣಿಗೆಯ ಪೊಟ್ಟಣದ ಮೇಲೆ ಅಚ್ಚಾಗುತ್ತದೆ. ಆ ಕಿರೀಟ ಇನ್ನೊಬ್ಬಳ ತಲೆಗೆ ಹೋಗುವ ತನಕ ಗೆದ್ದವಳು ಬೆಳೆಯುವುದಿಲ್ಲ. ಒಂದು ವರ್ಷ ಹಾಗೇ ಇರುತ್ತಾಳೆ, ಆಮೇಲೆ ಬಿಟ್ಟಲ್ಲಿಂದ ಮತ್ತೆ ಬೆಳೆಯುತ್ತಾಳೆ. ದರ್ಜಿಯ ಅಂಗಡಿಯಲ್ಲಿ ಅಂಥ ಮಗುವಿನ ಅಳತೆಯನ್ನು ಎರಡನೇ ಸಲ ತೆಗೆಯುವುದಿಲ್ಲ. ಶಾಲೆಯಲ್ಲಿ ಅವಳನ್ನು ಅದೇ ಬೆಂಚಿನಲ್ಲಿ ಉಳಿಸಿಕೊಳ್ಳುತ್ತಾರೆ. "ಒಂದು ವರ್ಷ ಹೆಚ್ಚಿಗೆ ಮಗುವಾಗಿದ್ದರೆ ಏನು ಕಳಕೊಂಡ ಹಾಗಾಯ್ತು?" ಎಂದು ಎಲ್ಲರೂ ಹೇಳುತ್ತಿದ್ದರು. ಯಾಕೆಂದರೆ ಆಗೆಲ್ಲ ಅದು ಒಂದೇ ವರ್ಷದ ಮಾತಾಗಿತ್ತು.

ನಮ್ಮಕ್ಕ ಕನಕ ಮೊದಲು ಗೆದ್ದಾಗ ಅವಳಿಗೆ ಆರು, ನನಗೆ ಮೂರು. ಅವತ್ತಿನದು ನನಗೆ ನೆನಪಿಲ್ಲ. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದನಂತೆ. ಅಪ್ಪ ಅದೇ ಕಾರ್ಖಾನೆಯಲ್ಲಿ ಕೊಂಬು ಕೊಯ್ಯುವವನು, ಅವನ ಅಂಗಿಯಿಂದ ಯಾವಾಗಲೂ ಸುಟ್ಟ ಕೊಂಬಿನ ವಾಸನೆ. ಗೆದ್ದ ಮಗುವಿನ ಮೂಗಿಗೆ ಅದು ತಾಗಬಾರದೆಂದು ಅವ್ವ ಅವನ ಹೆಗಲ ಮೇಲೆ ತನ್ನ ಒಗೆದ ಸೀರೆಯನ್ನು ಮಡಚಿ ಹಾಸಿದ್ದಳಂತೆ.

ಅವ್ವನನ್ನು ಕೆಟ್ಟವಳು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವಳ ಮುಖದ ತುಂಬ ಸಿಡುಬಿನ ಕಲೆ. ಮದುವೆಮನೆಗಳಲ್ಲಿ ಅವಳಿಗೆ ಆರತಿ ತಟ್ಟೆ ಕೊಡುತ್ತಿರಲಿಲ್ಲ, ಒಳಗೆ ತರಕಾರಿ ಹೆಚ್ಚಲು ಕೂರಿಸುತ್ತಿದ್ದರು. ಅಂಥವಳ ಹೊಟ್ಟೆಯಲ್ಲಿ ಕನಕ ಹುಟ್ಟಿದಳು. ಅವಳನ್ನು ಎತ್ತಿಕೊಂಡು ಸಂತೆಯಲ್ಲಿ ನಡೆದರೆ ಜನ ಎದ್ದುನಿಂತು ನೋಡುತ್ತಿದ್ದರು, ಗಲ್ಲ ಮುಟ್ಟಿ ನೆಟಿಗೆ ತೆಗೆಯುತ್ತಿದ್ದರು. "ಇವಳು ನಿನ್ನ ಮಗಳೇನೇ ಪದ್ದಿ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿದ್ದ ಅವಮಾನವನ್ನು ಅವ್ವ ಕೇಳಿಸಿಕೊಳ್ಳಲೇ ಇಲ್ಲ. "ನನ್ನ ಮಗಳೇ" ಎಂದು ಹೇಳುವ ಸಂತೋಷ ಒಂದೇ ಅವಳಿಗೆ ಸಾಕಾಗಿತ್ತು.

ಎರಡನೇ ವರ್ಷವೂ ಅಕ್ಕನೇ ಗೆದ್ದಳು. ಮೂರನೇ ವರ್ಷವೂ. ಊರಿನ ಲೆಕ್ಕದಲ್ಲಿ ಅವಳಿಗೆ ಆರೇ ಆದ್ದರಿಂದ ವೇದಿಕೆಗೆ ಅಡ್ಡಿ ಇರಲಿಲ್ಲ. ಮೊದಲ ಸಲ ಬರುವ ಮಕ್ಕಳು ಹೆದರಿ ಅಮ್ಮನನ್ನು ಹುಡುಕುತ್ತಿದ್ದವು, ಲಂಗ ಕಚ್ಚುತ್ತಿದ್ದವು. ಅಕ್ಕನಿಗೆ ಎಲ್ಲ ಗೊತ್ತಿತ್ತು. ಕಾರ್ಖಾನೆಯ ದಣಿಗಳು, ಹೆಡ್‌ಮಾಸ್ಟರು, ಹೊರಗಿನಿಂದ ಬರುವ ಫೋಟೋದವನು, ಈ ಮೂವರಲ್ಲಿ ಯಾರ ಕಡೆ ಎಷ್ಟು ಹೊತ್ತು ನೋಡಬೇಕು, ಯಾವಾಗ ನಾಚಿಕೊಳ್ಳಬೇಕು, ಎಲ್ಲಿ ಕತ್ತು ವಾಲಿಸಬೇಕು, ಎಲ್ಲವೂ. ದೇಹ ನಿಂತಿದ್ದರೂ ಬುದ್ಧಿ ನಿಂತಿರಲಿಲ್ಲ. ನಾನೂ ನಾಲ್ಕು ತುಂಬಿದ ಮೇಲೆ ಅವಳ ಪಕ್ಕದಲ್ಲಿ ನಿಂತೆ. ನನ್ನನ್ನು ಯಾರೂ ನೋಡಲಿಲ್ಲ. ಆಮೇಲೆ ನಾನು ಅವಳ ಎತ್ತರಕ್ಕೆ ಬಂದೆ, ಆಮೇಲೆ ಅವಳನ್ನು ದಾಟಿದೆ. ಅವಳ ಹಳೆ ಲಂಗ ನನಗೆ ಬರುತ್ತಿದ್ದ ಕಾಲ ಮುಗಿದು, ನನಗೆ ಬೇರೆ ಹೊಲಿಸುವ ಕಾಲ ಬಂತು. ನಾವಿಬ್ಬರೂ ಅಂಗಡಿಗೆ ಹೋದರೆ ಅಂಗಡಿಯವನು ನನಗೆ, "ತಂಗಿ ಕೈ ಬಿಡಬೇಡಮ್ಮ, ಗಾಡಿ ಬರ್ತವೆ" ಎನ್ನುತ್ತಿದ್ದ. ನಾನು "ಅಕ್ಕಾ, ಬಾ" ಎಂದರೆ ನಗುತ್ತಿದ್ದ.

ಅಕ್ಕನ ಕೆಳಗಿನ ಒಂದು ಹಲ್ಲು ಮೊದಲ ಸಲ ಗೆದ್ದಾಗಲೇ ಅಲುಗಾಡುತ್ತಿತ್ತು. ಅದು ವರ್ಷಾನುಗಟ್ಟಲೆ ಅಲುಗಾಡುತ್ತಲೇ ಇತ್ತು, ಬೀಳಲೂ ಇಲ್ಲ, ಗಟ್ಟಿಯಾಗಲೂ ಇಲ್ಲ. ಕಡಲೆಕಾಯಿ, ರೊಟ್ಟಿಯ ಅಂಚು, ಕಬ್ಬು ಯಾವುದನ್ನೂ ಅವ್ವ ಅವಳಿಗೆ ಕೊಡುತ್ತಿರಲಿಲ್ಲ. ಗಂಜಿ, ಹಾಲನ್ನ, ಬಾಳೆಹಣ್ಣು, ಅಷ್ಟೇ. ಮೊಣಕಾಲು ತರಚಿದರೆ ಕಲೆ ಉಳಿಯುತ್ತದೆಂದು ಕುಂಟೆಬಿಲ್ಲೆ ಇಲ್ಲ, ಕಪ್ಪಾಗುತ್ತಾಳೆಂದು ಬಿಸಿಲು ಇಲ್ಲ. ಬೆಳಿಗ್ಗೆ ಕಡಲೆಹಿಟ್ಟು, ಸಂಜೆ ಹಾಲಿನ ಕೆನೆ. ಶಾಲೆಯನ್ನೂ ಬಿಡಿಸಿದಳು. ನಾನು ಜಗಲಿಯ ಮೇಲೆ ಕೂತು ಪಾಠ ಓದಿದರೆ ಅಕ್ಕ ಕಂಬದ ಹಿಂದೆ ನಿಂತು ಕೇಳಿಸಿಕೊಂಡು ನನಗಿಂತ ಮೊದಲು ಬಾಯಿಪಾಠ ಮಾಡುತ್ತಿದ್ದಳು. ಗುಣಾಕಾರ ನನಗೆ ಹೇಳಿಕೊಟ್ಟವಳು ಅವಳೇ. ಯಾರಾದರೂ ದಾರಿಯಲ್ಲಿ ನಿಂತು ನೋಡಿದರೆ ಮಾತ್ರ ಲೆಕ್ಕ ನಿಲ್ಲಿಸಿ ನಗುತ್ತಿದ್ದಳು.

ಆ ನಗು ಅವಳ ಕೈಯಲ್ಲಿರಲಿಲ್ಲ. ಅಜ್ಜಿ ತೀರಿಕೊಂಡ ದಿನ ಅದು ನನಗೆ ಗೊತ್ತಾಯಿತು. ಹೆಣ ಅಂಗಳದಲ್ಲಿತ್ತು. ಅಕ್ಕ ಅಳುತ್ತ ಹೊರಗೆ ಬಂದಳು. ನೆರೆದವರೆಲ್ಲ ತಿರುಗಿ ಅವಳನ್ನು ನೋಡಿದರು. ಅಷ್ಟೇ, ಅವಳ ಕತ್ತು ಒಂದು ಕಡೆ ವಾಲಿತು, ತುಟಿ ಅರಳಿತು. ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಬಾಯಿ ನಗುತ್ತಲೇ ಇತ್ತು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿ, ಭತ್ತದ ಮೂಟೆಗಳ ಸಂದಿಯಲ್ಲಿ ಕೂತಳು. ಅವತ್ತು ಅಪ್ಪ ಅವ್ವನಿಗೆ ಹೇಳಿದ, "ಸಾಕು ಮಾಡೇ ಪದ್ದಿ. ಮಗು ಅದು."

"ಮಗು ಅಂತ ನಾನೂ ಹೇಳ್ತಿರೋದು" ಎಂದಳು ಅವ್ವ. "ಎಲ್ಲರ ಮಕ್ಕಳೂ ಬೆಳೆದು ಎಲ್ಲೋ ಹೋಗ್ತಾವೆ. ನನ್ನದು ನನ್ನ ಹತ್ರ ಇದೆ. ಕೊಂಬು ಕೊಯ್ಯೋ ನಿಮಗೆ ಅದೆಲ್ಲ ತಿಳಿಯಲ್ಲ."

ಅಪ್ಪ ಮಾತು ಬೆಳೆಸುವ ಜಾತಿಯವನಲ್ಲ.

ನಾನು ಮೈನೆರೆದಾಗ ಮನೆಯಲ್ಲಿ ಆರತಿ ಮಾಡಿದರು. ನನ್ನನ್ನು ಹಸೆಯ ಮೇಲೆ ಕೂರಿಸಿ, ಹಸಿರು ಸೀರೆ ಉಡಿಸಿ, ಚಿಗಳಿ ತಂಬಿಟ್ಟು ಕೊಟ್ಟರು. ಅಕ್ಕ ಬಾಗಿಲ ಹತ್ತಿರ ಫ್ರಾಕು ತೊಟ್ಟು ನಿಂತಿದ್ದಳು. ಬಂದ ಹೆಂಗಸರು ಅವಳ ಗಲ್ಲ ಹಿಂಡಿ, "ನಿನ್ನ ಆರತಿ ಯಾವಾಗೇ ಪುಟ್ಟಿ?" ಎಂದು ನಕ್ಕರು. ಅವರಲ್ಲಿ ಒಬ್ಬಳು ಅಕ್ಕನ ಜೊತೆ ಒಂದನೇ ತರಗತಿಯಲ್ಲಿ ಓದಿದವಳು, ಅವಳ ಕೊರಳಲ್ಲಿ ಆಗಲೇ ತಾಳಿ ಇತ್ತು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಅಕ್ಕ ನನ್ನ ಹತ್ತಿರ ಬಂದಳು.

"ನೀಲಿ, ನಿನ್ನ ಸೀರೆ ಒಂದ್ಸಲ ಕೊಡೇ."

ಕೊಟ್ಟೆ. ಸುತ್ತಿಕೊಳ್ಳಲು ನೋಡಿದಳು. ಎಷ್ಟು ಸುತ್ತಿದರೂ ಸೀರೆ ಮುಗಿಯಲಿಲ್ಲ. ಕೊನೆಗೆ ಅದರ ರಾಶಿಯಲ್ಲಿ ಸಿಕ್ಕಿಕೊಂಡು ಕೂತುಬಿಟ್ಟಳು. ತಲೆ ಮಾತ್ರ ಕಾಣುತ್ತಿತ್ತು. ನಾನು ನಗಬಾರದಿತ್ತು, ಆದರೆ ನಗು ಬಂತು. ಅವಳೂ ನಕ್ಕಳು. ಅದು ಅವಳ ನಿಜವಾದ ನಗು, ಸ್ವಲ್ಪ ಸೊಟ್ಟ. ಆಮೇಲೆ ಹೇಳಿದಳು, "ನಂಗೂ ಹದಿನಾರಾಯ್ತಲ್ಲೇ. ಒಳಗೆಲ್ಲ ಹದಿನಾರೇ ಇದೆ. ಇಡೋಕೆ ಜಾಗ ಇಲ್ಲ."

ಆ ವರ್ಷದ ಸ್ಪರ್ಧೆಯಲ್ಲಿ ಸೋಲುತ್ತೇನೆ ಎಂದು ಅವಳು ನನಗೊಬ್ಬಳಿಗೇ ಹೇಳಿದಳು. ಪ್ರತಿ ವರ್ಷ ಕೊನೆಯ ಸುತ್ತಿನಲ್ಲಿ ದಣಿಗಳು ಮಕ್ಕಳನ್ನು ದೊಡ್ಡವಳಾದ ಮೇಲೆ ಏನಾಗುತ್ತೀಯ ಎಂದು ಕೇಳುತ್ತಾರೆ. ಅಕ್ಕ ಅವ್ವ ಕಲಿಸಿದಂತೆ, "ಡಾಕ್ಟರಾಗಿ ಬಡವರ ಸೇವೆ ಮಾಡ್ತೀನಿ" ಎನ್ನುತ್ತಿದ್ದಳು. ಆ ಸಲ ಮೈಕು ಅವಳ ಬಾಯಿಯ ಮಟ್ಟಕ್ಕೆ ಇಳಿದಾಗ ಅವಳು ಹೇಳಿದ್ದು ಬೇರೆ.

"ನಾನು ಆಗಲೇ ದೊಡ್ಡವಳಾಗಿದ್ದೀನಿ ಸ್ವಾಮಿ. ನಿಮಗೆ ಕಾಣ್ತಿಲ್ಲ. ನನ್ನ ತಂಗಿ ಸೀರೆ ಉಡ್ತಾಳೆ. ನನ್ನ ಜೊತೆಯವರಿಗೆ ಮಕ್ಕಳಾಗಿವೆ. ನನಗೆ ಈ ಕಿರೀಟ ಬೇಡ, ತಲೆ ನೋಯುತ್ತೆ. ದಯವಿಟ್ಟು ಬೇರೆ ಯಾರಿಗಾದ್ರೂ ಕೊಡಿ."

ನಾನು ಅವ್ವನ ಮುಖ ನೋಡಲು ಹೆದರಿ ನೆಲ ನೋಡಿದೆ. ಆಗ ದಣಿಗಳು ಹೊಟ್ಟೆ ಕುಲುಕಿಸಿ ನಕ್ಕರು. "ಅಬ್ಬಬ್ಬ, ಏನು ಮಾತು ಕಲಿತಿದೆ ನೋಡ್ರೀ ಈ ಮರಿ!" ಎಂದರು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಇಡೀ ಅಂಗಳ ಚಪ್ಪಾಳೆ ತಟ್ಟಿತು. ಅಷ್ಟು ಜನ ನೋಡುತ್ತಿದ್ದಾಗ ಅಕ್ಕನ ಕತ್ತು ವಾಲಿತು, ತುಟಿ ಅರಳಿತು. ಫೋಟೋದವನು ಅದನ್ನೇ ತೆಗೆದ. ಆ ವರ್ಷದ ಪೊಟ್ಟಣದ ಮೇಲಿನ ಚಿತ್ರವೇ ಎಲ್ಲಕ್ಕಿಂತ ಚೆಂದ ಎಂದು ಈಗಲೂ ಹೇಳುತ್ತಾರೆ.

ಅಷ್ಟು ಹೊತ್ತಿಗೆ ಊರಿನ ತಾಯಂದಿರಿಗೆ ಭಯ ಹುಟ್ಟಿತ್ತು. ಒಂದು ವರ್ಷದ ಮಾತು ಇಷ್ಟು ಉದ್ದವಾಗಬಹುದೆಂದು ಯಾರೂ ಎಣಿಸಿರಲಿಲ್ಲ. ನಮ್ಮ ಕನಕನನ್ನು ನೋಡಿ ಕೆಲವರು ಸ್ಪರ್ಧೆಯ ದಿನ ಮಕ್ಕಳ ತಲೆಯನ್ನೇ ಬಾಚದೆ ಕರೆದುಕೊಂಡು ಬರುತ್ತಿದ್ದರು, ಕಾಡಿಗೆ ಬೇಕೆಂದೇ ಮೆತ್ತುತ್ತಿದ್ದರು. ಕಳಿಸದೆ ಇರುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ, ಊರಿನ ಅರ್ಧ ಒಲೆ ಉರಿಯುವುದು ಕಾರ್ಖಾನೆಯಿಂದ. ಸ್ಪರ್ಧೆಯೇ ನಿಂತುಹೋದರೆ ಕಿರೀಟ ಕನಕನ ತಲೆಯ ಮೇಲೇ ಉಳಿದುಬಿಡುತ್ತದಲ್ಲ, ಪಾಪ, ಎಂದು ನಮ್ಮ ಮುಂದೆ ಹೇಳುವವರೂ ಇದ್ದರು. ಇಷ್ಟರ ನಡುವೆಯೂ ಆಸೆ ಬಿಡದ ತಾಯಂದಿರಿದ್ದರು. ನಮ್ಮ ಹಿಂದಿನ ಬೀದಿಯ ಜಯಕ್ಕ ಅಂಥವಳು. ಅವಳ ಮಗಳು ಸೇವಂತಿಗೆ ನಾಲ್ಕು ತುಂಬಿದ ವರ್ಷ, ಈ ಸಲ ಕನಕ ಸೋಲುತ್ತಾಳೆ ಎಂದು ಊರೆಲ್ಲ ಮಾತಾಡಿಕೊಂಡಿತು. ಸುಳ್ಳಲ್ಲ. ಆ ಮಗು ಹಾಗೇ ಇತ್ತು, ನೋಡಿದವರು ಮಾತು ಮರೆಯುವ ಹಾಗೆ.

ನಾನು ದೇವರಿಗೆ ಹರಕೆ ಹೊತ್ತೆ. ಅಕ್ಕನಿಗೆ ಒಂದು ಉದ್ದ ಲಂಗ ಹೊಲಿದು, ಮುಂದೆ ಬಿಡಲು ಬಟ್ಟೆ ಒಳಗೆ ಮಡಚಿ ಇಟ್ಟೆ. ಈ ಸಲ ಸೋಲುವುದು ಖಂಡಿತ ಎಂದು ಅಕ್ಕನಿಗೂ ಗೊತ್ತಿತ್ತು. ಸ್ಪರ್ಧೆಯ ದಿನ ಬೆಳಿಗ್ಗೆ ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತು, "ಮುಂದಿನ ವರ್ಷ ಇಲ್ಲಿವರೆಗೆ ಬರ್ತೀನೇನೇ?" ಎಂದು ತನ್ನ ತಲೆಗಿಂತ ಒಂದು ಗೇಣು ಮೇಲೆ ಕೈ ಇಟ್ಟು ಕೇಳಿದಳು.

ವೇದಿಕೆಯ ಹಿಂದೆ, ಕೊಂಬಿನ ರಾಶಿ ಹಾಕುವ ಚಪ್ಪರದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ಅಲ್ಲಿ ನಾನಿದ್ದೆ, ಅಕ್ಕನ ರಿಬ್ಬನ್ನು ಕಟ್ಟುತ್ತಿದ್ದೆ. ಪಕ್ಕದಲ್ಲಿ ಜಯಕ್ಕ ಸೇವಂತಿಯ ರೆಪ್ಪೆಗೆ ಎಣ್ಣೆ ಸವರುತ್ತಿದ್ದಳು. ಮಗು ನಡುಗುತ್ತಿತ್ತು. ನೋಡುನೋಡುತ್ತಿದ್ದಂತೆ ಅದರ ಬಿಳಿ ಕಾಲುಚೀಲ ಒದ್ದೆಯಾಯಿತು. ಜಯಕ್ಕ ಅದರ ತೋಳನ್ನು ಹಿಡಿದು, ಹೊರಗೆ ಕೇಳಿಸದ ಹಾಗೆ ಹಲ್ಲು ಕಚ್ಚಿ, "ಇವತ್ತೇ ಆಗಬೇಕಿತ್ತಾ ನಿಂಗೆ? ಅತ್ತರೆ ನೋಡು, ಕಾಡಿಗೆ ಇಳಿಯುತ್ತೆ" ಎಂದಳು. ಮಗು ಅಳಲಿಲ್ಲ. ಕಣ್ಣು ಅಗಲ ಮಾಡಿ, ನೀರು ಚೆಲ್ಲದ ಹಾಗೆ ತಲೆ ಮೇಲೆತ್ತಿ ನಿಂತಿತು. ಜಯಕ್ಕ ಬೇರೆ ಕಾಲುಚೀಲ ತರಲು ಹೋದಳು.

ಅಕ್ಕ ಎದ್ದು ಹೋಗಿ ಆ ಮಗುವಿನ ಎದುರು ನಿಂತಳು. ಇಬ್ಬರದೂ ಹೆಚ್ಚುಕಡಿಮೆ ಒಂದೇ ಎತ್ತರ.

"ಅಕ್ಕಾ" ಎಂದು ಕೇಳಿತು ಸೇವಂತಿ, "ಕಿರೀಟ ಇಟ್ಟರೆ ನಮ್ಮಮ್ಮ ಬಯ್ಯಲ್ವಾ ಆಮೇಲೆ?"

ಅಕ್ಕ ತನ್ನ ಕಾಲುಚೀಲ ಬಿಚ್ಚಿ ಆ ಮಗುವಿಗೆ ತೊಡಿಸಿದಳು. ವೇದಿಕೆಗೆ ಬರಿಗಾಲಲ್ಲಿ ಹೋದಳು.

ಅವತ್ತು ಅವಳು ಮಾಡಿದ್ದನ್ನು ನಾನು ಅದಕ್ಕೆ ಮೊದಲು ಎಂದೂ ನೋಡಿರಲಿಲ್ಲ. ಸೇವಂತಿ ಬಂದಾಗ ಅಂಗಳವೆಲ್ಲ ಉಸಿರು ಬಿಗಿಹಿಡಿದಿತ್ತು, ದಣಿಗಳು ಮುಂದಕ್ಕೆ ಬಾಗಿದ್ದರು. ಅಕ್ಕ ಅವಳ ಹಿಂದೆಯೇ ಬಂದು, ಬರಿಗಾಲನ್ನು ನೋಡಿಕೊಂಡು ನಾಚಿ, ಒಂದು ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿಕೊಂಡು, ಕತ್ತು ವಾಲಿಸಿದಳು. ಆಮೇಲೆ ಹಾಡಿದಳು, ಕುಣಿದಳು, ಕುಣಿಯುತ್ತ ಬೇಕೆಂದೇ ಬಿದ್ದು ಎದ್ದು ನಕ್ಕಳು. ಇಷ್ಟು ವರ್ಷ ಕಲಿತದ್ದನ್ನೆಲ್ಲ ಒಂದೂ ಉಳಿಸದೆ ಸುರಿದಳು. ದಣಿಗಳು ಹಿಂದಕ್ಕೆ ಒರಗಿ ಚಪ್ಪಾಳೆ ತಟ್ಟಿದರು. ಕಿರೀಟ ಅವಳಿಗೇ ಹೋಯಿತು.

ಮನೆಗೆ ಬಂದ ಮೇಲೆ ನಾನು ಅವಳ ಭುಜ ಹಿಡಿದು ಅಲುಗಾಡಿಸಿದೆ. "ಯಾಕಕ್ಕಾ? ಸುಮ್ಮನೆ ನಿಂತಿದ್ರೆ ಸಾಕಾಗಿತ್ತು. ಸುಮ್ಮನೆ ನಿಲ್ಲೋಕೂ ಬರಲಿಲ್ವಾ ನಿಂಗೆ?"

"ಅವಳಿಗೆ ನಾಲ್ಕು ವರ್ಷ ಕಣೇ" ಎಂದಳು ಅಕ್ಕ. "ಒದ್ದೆ ಚೀಲದಲ್ಲೇ ನಿಂತಿದ್ಲು. ನಂಗಾದ್ರೆ ಅಭ್ಯಾಸ ಆಗಿದೆ."

ನಾನು ಆ ಉದ್ದ ಲಂಗದ ಹೊಲಿಗೆ ಬಿಚ್ಚಿ ದಿಂಬಿನ ಚೀಲ ಮಾಡಿದೆ. ಎಷ್ಟೋ ದಿನ ಅವಳ ಜೊತೆ ಮಾತಾಡಲಿಲ್ಲ. ಅವಳೂ ಬಂದು ಕಾಡಲಿಲ್ಲ. ನಾನು ಊಟಕ್ಕೆ ಕೂತಾಗ ಎದುರಿಗೆ ಕೂತು ತನ್ನ ಗಂಜಿ ಕುಡಿಯುತ್ತಿದ್ದಳು.

ಅಲ್ಲಿಂದ ಮುಂದೆ ಪ್ರತಿ ವರ್ಷ ಅವಳೇ ಗೆದ್ದಳು. ಸೇವಂತಿ ಎಂಟು ದಾಟಿದಳು, ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋದಳು. ಅಕ್ಕ ಯಾಕೆ ಗೆಲ್ಲುತ್ತಾಳೆ ಎಂಬುದು ಊರಿಗೆ ನಿಧಾನವಾಗಿ ತಿಳಿಯಿತು. ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ನಮ್ಮ ಮನೆಗೆ ಮಾತ್ರ ಏನಾದರೂ ಬರುತ್ತಿತ್ತು. ಮೆತ್ತಗೆ ಬೆಂದ ಕುಂಬಳಕಾಯಿ, ಎಮ್ಮೆಯ ಗಿಣ್ಣು, ಹಣ್ಣಾದ ಪಪ್ಪಾಯಿ, ಹಲ್ಲಿಗೆ ತೊಂದರೆ ಕೊಡದಂಥವು. ತಂದವರು ಅಕ್ಕನ ಮುಖ ನೋಡದೆ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಸ್ಪರ್ಧೆಯ ದಿನ ಅವಳು ವೇದಿಕೆಗೆ ಬಂದರೆ ಎದ್ದುನಿಂತು ಚಪ್ಪಾಳೆ ತಟ್ಟುವವರು ಹೆಣ್ಣುಮಕ್ಕಳ ತಾಯಂದಿರೇ. ಅವ್ವ ಆ ಚಪ್ಪಾಳೆಯನ್ನು ಮಗಳ ರೂಪಕ್ಕೆ ಸಂದದ್ದು ಎಂದುಕೊಂಡಿದ್ದಳು.

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹೊರಗಿನವರು. ಹುಡುಗನ ತಾಯಿ ಅಕ್ಕನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಉಂಡೆ ಇಟ್ಟು, "ಯಾರ ಮಗುವಮ್ಮ ಇದು, ಇಷ್ಟು ಮುದ್ದಾಗಿದೆ?" ಎಂದು ಕೇಳಿದರು.

"ನಮ್ಮಕ್ಕ" ಎಂದೆ ನಾನು.

ಅವರು ನಕ್ಕರು. ಯಾರೂ ಜೊತೆಗೆ ನಗದಿದ್ದಾಗ ಅಕ್ಕನನ್ನು ಮೆಲ್ಲಗೆ ಕೆಳಗೆ ಇಳಿಸಿದರು. ಅಕ್ಕ ಉಂಡೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ, "ನನಗಾಗಿ ನೀವು ಕಾಯೋದು ಬೇಡ. ನಮ್ಮ ನೀಲಿ ಒಳ್ಳೆಯವಳು, ಮಾಡಿಕೊಳ್ಳಿ" ಎಂದಳು. ಅವರು ಮತ್ತೆ ಬರಲಿಲ್ಲ. ಕೊನೆಗೆ ನಮ್ಮೂರಿನಲ್ಲೇ, ಕಾರ್ಖಾನೆಯಲ್ಲಿ ಬಾಚಣಿಗೆಗೆ ಹಲ್ಲು ಕೊರೆಯುವ ಕೆಲಸದ ಒಬ್ಬರು ನನ್ನನ್ನು ಮದುವೆಯಾದರು. ಅಪ್ಪ ತೀರಿಕೊಂಡ ಮೇಲೆ ಅವ್ವನೂ ಅಕ್ಕನೂ ನಮ್ಮ ಮನೆಗೇ ಬಂದರು. ನನಗೆ ಮಗಳು ಹುಟ್ಟಿದಳು, ಕುಸುಮೆ. ಅಕ್ಕ ಅವಳನ್ನು ಎತ್ತಿಕೊಳ್ಳಲು ಆಗದೆ, ಚಾಪೆಯ ಮೇಲೆ ಮಲಗಿಸಿಕೊಂಡು ಆಡಿಸುತ್ತಿದ್ದಳು.

ಅವ್ವನಿಗೆ ಕೊನೆಕೊನೆಗೆ ಕಣ್ಣು ಮಂಜಾಯಿತು. ಅಕ್ಕನನ್ನು ಎದುರಿಗೆ ಕೂರಿಸಿಕೊಂಡರೂ ಅವಳ ಮುಖ ಕಾಣುತ್ತಿರಲಿಲ್ಲ. ಧ್ವನಿ ಮಾತ್ರ ಕೇಳುತ್ತಿತ್ತು, ಆ ಸಣ್ಣ ಧ್ವನಿಯಲ್ಲಿ ದೊಡ್ಡ ಹೆಂಗಸಿನ ಮಾತು. ಕಣ್ಣು ಹೋದ ಮೇಲೇ ಅವಳಿಗೆ ಮಗಳು ಕೇಳಿಸಿದಳು ಎಂದು ನನಗೆ ಅನ್ನಿಸುತ್ತದೆ. ಒಂದು ಮಧ್ಯಾಹ್ನ ಅಕ್ಕ ಅವಳ ಕಾಲಿಗೆ ಎಣ್ಣೆ ಹಚ್ಚುತ್ತ, ಹಿತ್ತಲಿನ ಬಾವಿಯ ನೀರು ಇಳಿದಿರುವ ಬಗ್ಗೆ, ಅಳಿಯನ ಕೆಮ್ಮಿನ ಬಗ್ಗೆ ಹೇಳುತ್ತಿದ್ದಳು. ಅವ್ವ ತಟ್ಟನೆ ಅವಳ ಕೈ ಹಿಡಿದುಕೊಂಡಳು. ಆ ಕೈಯನ್ನು ಬೆರಳು ಬೆರಳಾಗಿ ಮುಟ್ಟಿ ನೋಡಿದಳು.

"ಕನಕಾ, ನಿನಗೆ ಮೂವತ್ತು ದಾಟಿತೇನೇ?"

"ದಾಟಿತವ್ವ."

ಅವ್ವ ಆ ಕೈಯನ್ನು ಬಿಡಲಿಲ್ಲ. "ಇನ್ನು ಸಾಕು ಮಗಳೇ. ಈ ವರ್ಷ ಸೋತುಬಿಡು. ನಾನು ಏನೂ ಅನ್ನಲ್ಲ."

ಅಕ್ಕ ನನ್ನ ಕಡೆ ನೋಡಿದಳು. ನನ್ನ ಮಡಿಲಲ್ಲಿ ಕುಸುಮೆ ಮಲಗಿದ್ದಳು. ಅವಳಿಗೆ ಆ ತಿಂಗಳು ನಾಲ್ಕು ತುಂಬಿತ್ತು. ನಾನು ಏನಾದರೂ ಹೇಳಬೇಕಿತ್ತು. ಮಗಳ ಕೂದಲು ಸರಿಮಾಡುತ್ತ ಕೂತೆ.

"ಆಗಲಿ ಅವ್ವ, ಸೋಲ್ತೀನಿ" ಎಂದಳು ಅಕ್ಕ. ಎಣ್ಣೆಯ ಕೈಯನ್ನು ತನ್ನ ಫ್ರಾಕಿಗೆ ಒರೆಸಿಕೊಂಡಳು. ಹಿಂದೆಯಾದರೆ ಅವ್ವ ಅದಕ್ಕೆ ಬಯ್ಯುತ್ತಿದ್ದಳು.

ಸ್ಪರ್ಧೆಗೆ ಮೊದಲೇ ಅವ್ವ ಹೋದಳು. ತಿಥಿ ಮುಗಿದ ಸ್ವಲ್ಪ ದಿನಕ್ಕೆ ಆ ದಿನ ಬಂತು. ಅಕ್ಕನಿಗೆ ತಲೆ ಬಾಚಲು ಯಾರೂ ಇರಲಿಲ್ಲ. ಅವಳ ಕೈ ತನ್ನ ಬೆನ್ನ ಹಿಂದಿನ ಗಂಟಿಗೆ ಎಟುಕುವುದಿಲ್ಲ. ನಾನೇ ಕಡಲೆಹಿಟ್ಟು ಕಲಸಿದೆ, ನಾನೇ ಸ್ನಾನ ಮಾಡಿಸಿದೆ, ರೆಪ್ಪೆಗೆ ಎಣ್ಣೆ ಸವರಿದೆ. ಚಿಕ್ಕವಳಿದ್ದಾಗ ನೋಡಿ ನೋಡಿ ಎಲ್ಲ ನನಗೆ ಬರುತ್ತಿತ್ತು. ಒಂದೂ ತಪ್ಪಲಿಲ್ಲ. ಕುಸುಮೆಯ ತಲೆಯನ್ನು ಬಾಚಲಿಲ್ಲ. ಹಳೆಯ ಅಂಗಿ ತೊಡಿಸಿ, ಮೂಗಿನವರೆಗೆ ಬರುವ ಹಾಗೆ ಕಾಡಿಗೆ ಮೆತ್ತಿದೆ.

ಅದರಿಂದ ಏನೂ ಆಗಲಿಲ್ಲ. ಕುಸುಮೆ ಹೆದರುವ ಮಗುವಲ್ಲ. ವೇದಿಕೆಯ ಮೇಲೆ ಕಾಡಿಗೆಯ ಮುಖದಲ್ಲೇ ಹಲ್ಲು ಬಿಟ್ಟು ನಕ್ಕಳು, ಕೇಳದಿದ್ದರೂ ತನ್ನ ಹೆಸರನ್ನು ಕೂಗಿ ಹೇಳಿದಳು. ಜನ ನಕ್ಕರು. ಈಗಿನ ದಣಿ, ಹಳೆಯವರ ಮಗ, ಅವಳನ್ನು ಇನ್ನೊಂದು ಸಲ ಕರೆಯಿರಿ ಎಂದ. ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಕತ್ತು ವಾಲಿಸಿದಳು. ನಾನು ಎದ್ದುನಿಂತೆ. ಉಳಿದ ತಾಯಂದಿರೆಲ್ಲ ನನ್ನ ಸುತ್ತ ಎದ್ದುನಿಂತರು. ನಾನು ಚಪ್ಪಾಳೆ ತಟ್ಟಿದೆ, ಅಂಗೈ ಉರಿಯುವಷ್ಟು, ಅವರೆಲ್ಲರಿಗಿಂತ ಜೋರಾಗಿ.

ಮನೆಗೆ ಹೋಗುವಾಗ ಕುಸುಮೆ ದಾರಿಯುದ್ದಕ್ಕೂ ಅತ್ತಳು. "ಯಾವಾಗಲೂ ದೊಡ್ಡಮ್ಮನಿಗೇ ಯಾಕೆ? ನಂಗೆ ಯಾಕಿಲ್ಲ? ನಾನು ದೊಡ್ಡಮ್ಮನ ಜೊತೆ ಮಾತಾಡಲ್ಲ" ಎಂದು ನೆಲಕ್ಕೆ ಕಾಲು ಅಪ್ಪಳಿಸಿದಳು. ಅಕ್ಕ ಅವಳ ಕೈ ಹಿಡಿಯಲು ಹೋದರೆ ಕೊಡವಿದಳು. ಬಿಸಿಲು ಇನ್ನೂ ಇಳಿದಿರಲಿಲ್ಲ, ಅಕ್ಕ ಬೆಳಗಿನಿಂದ ನಿಂತೇ ಇದ್ದಳು. ಅವಳ ಚಪ್ಪಲಿ ಕಚ್ಚಿ ಹಿಮ್ಮಡಿ ಕೆಂಪಾಗಿತ್ತು, ನಡೆಯುವಾಗ ಒಂದು ಕಾಲನ್ನು ಎಳೆಯುತ್ತಿದ್ದಳು.

"ನೀಲಿ, ಸ್ವಲ್ಪ ಎತ್ಕೊಳ್ತೀಯಾ?" ಎಂದು ಕೇಳಿದಳು.

ನಾನು ಬಾಗಿದೆ. ಅಷ್ಟರಲ್ಲಿ ಕುಸುಮೆ ಬಿಕ್ಕುತ್ತ ಬಂದು ನನ್ನ ಕೊರಳಿಗೆ ಜೋತುಬಿದ್ದಳು, ಬಿಡಿಸಿಕೊಳ್ಳಲು ಬಿಡಲಿಲ್ಲ. ನಾನು ಮಗಳನ್ನು ಸೊಂಟಕ್ಕೆ ಏರಿಸಿಕೊಂಡೆ. ಅಕ್ಕ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಸೆರಗನ್ನು ಹಿಡಿದು, ಹಿಂದೆ ನಡೆದು ಬಂದಳು.